ಅಕ್ಕನ ಎಡಗೈ

ನಮ್ಮಕ್ಕನ ಎಡಗೈ ಮುಚ್ಚಿಕೊಂಡದ್ದು ಹೋದ ವರ್ಷ, ಸಂಕ್ರಮಣ ಮುಗದ ಮ್ಯಾಲ. ಖಾನಾಪುರದ ತನ್ನ ಮನ್ಯಾಗ ಮುಂಜಾನೆ ನೀರು ಕಾಸಾಕ ಹೋದಾಕಿ ಹಂಗ ಬಾಜೂಕ ವಾಲಿ ಬಿದ್ದಳಂತ. ಲಕ್ವಾ ಹೊಡದಿತ್ತು. ಬೆಳಗಾವಿ ದವಾಖಾನಿಗೆ ತಂದ್ರು, ಜೀವ ಉಳೀತು. ಎಡಗಾಲು ಎಳಕೋತ ಎಳಕೋತ ಹಿತ್ತಲ ಮಟ ಹೋಗಿ ಬರುವಷ್ಟು ಆದ್ಲು. ಮಾತು ತೊದಲತಿತ್ತು, ಆದ್ರ ತಲಿ ನೆಟ್ಟಗಿತ್ತು. ಎಡಗೈ ಮೊದಲ ಒದ್ದಿ ಅರಬಿ ಹಂಗ ಜೋತು ಬಿದ್ದಿತ್ತು. ಆಮ್ಯಾಲ ದಿನಾ ಹೋದಂಗ ಬೆರಳು ಒಳಗ ಮಡಚಿಕೋತ ಹೋಗಿ ಮುಷ್ಟಿ ಆತು. ಆ ಮುಷ್ಟಿ ಎದಿಗೆ ಹತ್ತಿ ಕುಂತಬಿಟ್ಟಿತು.

ನೋಡಾಕ ಬಂದವರು ಎಲ್ಲಾರೂ ಒಂದ ಮಾತು ಹೇಳಿ ಹೋಗತಿದ್ರು. ಪುಣ್ಯಾ, ಬಲಗೈ ಉಳದೈತಿ, ಉಣ್ಣಾಕ ಬರತೈತಿ ಅಂತ. ಅಕ್ಕ ಹೂಂ ಅಂತಿದ್ಲು. ಅವರು ಹೋದ ಮ್ಯಾಲ ಗ್ವಾಡಿ ಕಡೆ ಮುಖ ಮಾಡತಿದ್ಲು. ನಮ್ಮದು ಲಿಂಗ ಕಟ್ಟೋ ಮನಿತನ. ಮುಂಜಾನೆ ಜಳಕ ಆಗಬೇಕು, ಕೊರಳಾಗಿನ ಕರಡಿಗಿ ತಗದು ಲಿಂಗವನ್ನ ಎಡ ಅಂಗೈಯಾಗ ಇಟಗೋಬೇಕು, ಬಲಗೈಲೆ ಈಬತ್ತಿ ಹಚ್ಚಿ ಪತ್ರಿ ಏರಿಸಬೇಕು. ಅದಾದ ಮ್ಯಾಲ ಬಾಯಿಗೆ ನೀರು. ಅಕ್ಕ ಬಾಣಂತಿ ಇದ್ದಾಗೂ ಇದನ್ನ ತಪ್ಪಿಸಿದಾಕಿ ಅಲ್ಲ. ಉಣ್ಣೋ ಕೈ ಉಳದು ಲಿಂಗ ಹಿಡಿಯೋ ಕೈ ಹೋಗಿತ್ತು. ಮುಷ್ಟಿ ಮ್ಯಾಲ ಲಿಂಗ ನಿಲ್ಲಾಂಗಿಲ್ಲ.

ನನಗ ಹೇಳಿ ಕಳಿಸಿದ್ಲು. ಫೋನಿನ್ಯಾಗ ಆಕಿ ಸೊಸಿ ಮಾತಾಡಿದ್ಲು, ಹಿಂದಿಂದ ಅಕ್ಕನ ದನಿ ಬರತಿತ್ತು. ಸಣ್ಣಾಕಿಗೆ ಬಾ ಅನ್ನು, ಎಣ್ಣಿ ತಗೊಂಡ ಬಾ ಅನ್ನು. ನಾನೂ ಈಗ ಮುದುಕಿ, ಆದ್ರೂ ಆಕಿಗೆ ನಾ ಸಣ್ಣಾಕಿನ.

ನನ್ನ ಕೆಲಸ ಅದ. ಬೆಳಗಾವಿ ಖಾಸಬಾಗದಾಗ ಬಾಣಂತ್ಯಾರಿಗೆ, ಕೂಸುಗೋಳಿಗೆ ಎಣ್ಣಿ ಹಚ್ಚಿ ಎರಿಯಾಕಿ ನಾನು. ಗಂಡ ಸತ್ತ ಮ್ಯಾಲ ಹಿಡದೆ, ಮಣಕಾಲು ಸೋಲೂ ತನಕ ಬಿಡಲಿಲ್ಲ. ಸಾಲಿ ಕಲ್ತದ್ದು ಏನೂ ಇಲ್ಲದಷ್ಟ, ಅಕ್ಷರ ಕೂಡಿಸಿ ಕೂಡಿಸಿ ಬರೀತೇನಿ. ಮೈ ತಿಕ್ಕೋದರ ಬಗ್ಗೆ ಜನಾ ಏನೇನೋ ಹೇಳತಾರ. ನನಗ ಗೊತ್ತಿದ್ದದ್ದು ಇಷ್ಟ.

ಎಲ್ಲಾ ಮೈಗೂ ಒಂದ ಕೈ ನಡಿಯಾಂಗಿಲ್ಲ. ಕೂಸಿನ ಮೈ ತಿಕ್ಕಬಾರದು, ಸವರಬೇಕು. ತೊಡಿಯಿಂದ ಪಾದದ ಮಟ, ಹೆಗಲಿಂದ ಬೆರಳಿನ ಮಟ, ಹಿಟ್ಟು ನಾದೋ ಜೋರು ಅಲ್ಲಿ ತೋರಿಸಬಾರದು. ಬಾಣಂತಿಗೆ ಸೊಂಟ ಮತ್ತ ಬೆನ್ನು, ಅಲ್ಲಿ ಅಂಗೈ ಊರಬೇಕು. ಹೊಟ್ಟಿ ಕೊಯ್ದು ಕೂಸು ತಗದಿದ್ರ ಹೊಲಿಗಿ ಮಾಯೂ ತನಕ ಹೊಟ್ಟಿ ತಂಟಿಗೆ ಹೋಗಬಾರದು. ಮೂಟಿ ಹೊರೋ ಮಂದಿ ಬೆನ್ನಿಗೆ ನಮ್ಮ ಹಿಮ್ಮಡ, ಮೊಣಕೈ ಊರಿದ್ರನ ತಿಳೀತೈತಿ. ನಮ್ಮ ಓಣಿಯ ತಾಲೀಮಿನ್ಯಾಗ ಪೈಲವಾನರು ಒಬ್ಬರ ಮ್ಯಾಲ ಒಬ್ಬರು ನಿಂತು ತುಳಿಸಿಕೋತಿದ್ರು. ಅದನ್ನ ನೋಡಿ ಬಂದು ತನ್ನ ಅವ್ವನ ಬೆನ್ನು ತುಳದ ಮಗಾ ಒಬ್ಬಾಂವ ನಮ್ಮ ಓಣ್ಯಾಗ ಇದ್ದ. ಆ ಮುದುಕಿ ಮುಂದ ನೆಟ್ಟಗ ನಿಂದ್ರಲೇ ಇಲ್ಲ.

ಉಂಡ ಕೂಡಲೆ ತಿಕ್ಕಿಸಿಕೋಬಾರದು. ಜ್ವರ ಇದ್ದಾಗ ಬ್ಯಾಡ. ಒಂದ ಕಾಲಿನ ಮೀನಖಂಡ ಬಾತು ಬಿಸಿಯಾಗಿದ್ರ ಎಣ್ಣಿ ಬಟ್ಟಲ ಅಲ್ಲೇ ಇಟ್ಟು ದವಾಖಾನಿಗೆ ಹೋಗಬೇಕು, ಅದನ್ನ ಒತ್ತಿದ್ರ ಜೀವಕ್ಕ ಬರತೈತಿ. ಎಣ್ಣಿ ಬೆಚ್ಚಗಿರಬೇಕು, ನಿಮ್ಮ ಕೈಗಲ್ಲ, ತಿಕ್ಕಿಸಿಕೊಳ್ಳೋರ ಮೈಗೆ. ಒಂದ ದಿನ ಮೈ ಮುರಿಯೂವಂಗ ತಿಕ್ಕಿಸಿಕೊಂಡು ತಿಂಗಳಗಟ್ಟಲೆ ಬಿಡೋದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಚಲೋ. ಹಲ್ಲು ಕಡದು ನೋವು ತಡಕೊಂಡು ಮಲಗೋರು ಭಾಳ ಮಂದಿ ಅದಾರ. ನೂಯಿಸಿದ್ರನ ಗುಣಾ ಅಂತ ತಿಳದಿರತಾರ. ಅದು ಸುಳ್ಳು. ನೋವು ತಡಿಯೋ ಮೈ ಬಿಗೀತೈತಿ, ಬಿಗದ ಮೈಗೆ ಎಣ್ಣಿ ಹಚ್ಚಿದ್ರೂ ಒಂದ, ಕಲ್ಲಿಗೆ ಹಚ್ಚಿದ್ರೂ ಒಂದ.

ನೋವಾಗತೈತೇನು, ಜೋರಾತೇನು ಅಂತ ಕೇಳೋ ರೂಢಿ ನನಗ ಇರಲಿಲ್ಲ, ಅದನ್ನೂ ಹೇಳತೇನಿ. ಕೂಸು ಉತ್ತರ ಕೊಡಾಂಗಿಲ್ಲ, ಅಳತೈತಿ. ಬಾಣಂತಿಯನ್ನ ಆಕಿ ಅತ್ತಿ ಮಾತಾಡಾಕ ಬಿಡಾಂಗಿಲ್ಲ. ಹಂಗಾಗಿ ಕೇಳದನ ತಿಕ್ಕಿ ತಿಕ್ಕಿ ನನ್ನ ಜನ್ಮ ಹೋಗಿತ್ತು. ಒಮ್ಮಿ ನಾನ ಎರದು ಬೆಳಸಿದ ಕೂಸು ದೊಡ್ಡಾಕಿ ಆಗಿ ನೌಕರಿ ಹಿಡದು, ನನ್ನ ಕರಕೊಂಡು ಊರಾಗ ಒಂದು ಹೊಸಾ ಮಸಾಜ್ ಅಂಗಡಿಗೆ ಹೋಗಿದ್ಲು. ಆಜಿ, ನಿಮ್ಮ ಮೈಗೆ ಯಾರರೆ ಎಣ್ಣಿ ಹಚ್ಚ್ಯಾರೇನ್ರಿ ಅಂತ ಕೇಳಿದ್ಲು. ಖರೇ ಹೇಳಬೇಕಂದ್ರ ನಮ್ಮವ್ವ ಸತ್ತ ಮ್ಯಾಲ ಯಾರೂ ಹಚ್ಚಿರಲಿಲ್ಲ. ಅಲ್ಲಿ ಎಲ್ಲಿಂದಲೋ ದೂರದಿಂದ ಬಂದ ಒಬ್ಬಾಕಿ ಹುಡುಗಿ, ಕನ್ನಡ ಬರತಿರಲಿಲ್ಲ, ಮರಾಠೀನೂ ಬರತಿರಲಿಲ್ಲ. ಅಗರಬತ್ತಿ ಹಚ್ಚಿ, ಕಲ್ಲು ಬಿಸಿ ಮಾಡಿ ಬೆನ್ನಿನ ಮ್ಯಾಲ ಇಟ್ಲು. ನನಗ ನಗಿ ಬಂತು. ಆದ್ರ ಆಕಿ ಹೆಗಲು ಒತ್ತೋ ಮುಂದ ನಿಂತು, ಪ್ರೆಶರ್ ಠೀಕ್ ಹೈ ಕ್ಯಾ, ಒತ್ತೋದು ಸರಿ ಐತೇನು ಅಂತ ಕೇಳಿದ್ಲು. ಮತ್ತ ಸೊಂಟಕ್ಕ ಬಂದಾಗ ಕೇಳಿದ್ಲು. ಕಾಲಿಗೆ ಬಂದಾಗೂ ಕೇಳಿದ್ಲು. ನನಗ ಯಾರೂ ಹಂಗ ಕೇಳಿರಲಿಲ್ಲ.

ಖಾನಾಪುರಕ್ಕ ಹೋಗಿ ನಾ ಅಕ್ಕನ ಮನ್ಯಾಗ ಉಳದೆ. ವಾರಕ್ಕೊಮ್ಮಿ ಅಕ್ಕನ್ನ ಬೆಳಗಾವಿಗೆ ಕರಕೊಂಡ ಬರತಿದ್ವಿ, ದವಾಖಾನ್ಯಾಗ ಕಸರತ್ತು ಕಲಿಸೋ ಒಬ್ಬಾಕಿ ಡಾಕ್ಟರಬಾಯಿ ಇದ್ಲು. ನಾ ಮೊದಲನೇ ದಿನ ನನ್ನ ಕೆಲಸ ತೋರಿಸಬೇಕಂತ ಅಕ್ಕನ ಬೆರಳು ಹಿಡದು ಎಳದು ಬಿಡಿಸಾಕ ಹೋದೆ. ಡಾಕ್ಟರಬಾಯಿ ನನ್ನ ಕೈ ಹಿಡದು ನಿಲ್ಲಿಸಿದ್ಲು. ಎಳದ್ರ ಅದು ಇನ್ನೂ ಬಿಗೀತೈತ್ರಿ ಆಜಿ ಅಂದ್ಲು. ಹೆಗಲು ಮೊದಲು, ಅದೂ ಹಗರಕ, ಹೆಗಲಿನ ಕೀಲು ಸಡ್ಲ ಆಗಿರತೈತಿ. ಆಮ್ಯಾಲ ಮೊಣಕೈ, ಮಣಿಕಟ್ಟು. ಹೆಬ್ಬೆರಳ ಬುಡ ಸಡ್ಲ ಆದ್ರ ಉಳದ ಬೆರಳು ತಾವ ಬರತಾವು ಅಂದ್ಲು. ಆಕಿ ಹೇಳಿದ್ದು ಖರೇ ಇತ್ತು. ಇನ್ನೊಂದು ಹೇಳಿದ್ಲು. ತಿಕ್ಕಿದ್ದರಿಂದ ಕೈ ಬರಾಂಗಿಲ್ಲ, ತಿಕ್ಕಿದ ಮ್ಯಾಲ ಒಂದೀಟು ಹೊತ್ತು ಕೈ ಸಡ್ಲ ಇರತೈತಿ, ಆ ಹೊತ್ತಿನ್ಯಾಗ ಆ ಕೈಲೆ ಏನರೆ ಮಾಡಿಸಬೇಕು. ಜನಾ ತಿಕ್ಕಿಸಿಕೊಂಡು ಹೊಚ್ಚಿಕೊಂಡು ಮಲಗತಾರ, ಆ ಹೊತ್ತು ಹಾಳಾಗತೈತಿ.

ಮತ್ತ ಆಕೀನೂ ಆ ಮಸಾಜ್ ಹುಡುಗಿ ಹಂಗ ಕೇಳೋ ಮಾತ ಹೇಳಿದ್ಲು. ಕೇಳಿ ಕೇಳಿ ಮಾಡ್ರಿ, ಅವರು ಸಾಕು ಅಂದ್ರ ನಿಲ್ಲಸ್ರಿ.

ಕೇಳಾಕ ಸುರು ಮಾಡಿದ ಮ್ಯಾಲ ಜಗಳ ಸುರು ಆತು.

ಅಕ್ಕನ್ನ ಕೊಟ್ಟ ಮನಿಯವರೂ ನಮ್ಮಂಗ ಲಿಂಗ ಕಟ್ಟಿದವರ, ಆದ್ರ ಮನ್ಯಾಗ ಮಾತು ಮರಾಠಿ. ಖಾನಾಪುರದಾಗ ಅಂಥವರು ಭಾಳ. ಅಕ್ಕ ಆ ಮನಿಗೆ ಹೋಗಿ ಮರಾಠಿ ಕಲತು ಅದರಾಗ ಬೈಯುವಷ್ಟು ಶಾಣ್ಯಾಕಿ ಆಗಿದ್ಲು. ಸೊಸಿಗೆ ಕನ್ನಡ ತಿಳೀತೈತಿ, ನಾಲಿಗಿ ಹೊರಳಾಂಗಿಲ್ಲ. ನಾ ಹಿತ್ತಲದಾಗ ಬಿಸಲಿಗೆ ಅಕ್ಕನ್ನ ಕುಂದ್ರಿಸಿ, ಎಳ್ಳೆಣ್ಣಿ ಬೆಚ್ಚಗ ಮಾಡಿ, ಹೆಗಲಿಂದ ಇಳಕೋತ ಬಂದು ಹೆಬ್ಬೆರಳ ಬುಡಕ್ಕ ಕೈ ಹಾಕಿ, ಹ್ಯಾಂಗ ಐತಕ್ಕಾ ಅಂತ ಕೇಳಿದೆ. ಅಕ್ಕ ತೊದಲ ಬಾಯಿಲೆ ಒಂದು ಮಾತು ಅಂದ್ಲು. ನನ್ನ ಕಿವಿಗೆ ಅದು ಪೂರಾ ಅಂತ ಬಿತ್ತು. ಪೂರಾ ಅಂದ್ರ ಎಲ್ಲಾ, ಕಡೀತನಕ. ನಾ ಇನ್ನೊಂದೀಟು ಎಣ್ಣಿ ತಗೊಂಡು ಒತ್ತಿದೆ. ಒಳಗಿಂದ ಸೊಸಿ ಹಿಟ್ಟಿನ ಕೈಲೆ ಓಡಿ ಬಂದ್ಲು.

"ಮಾವಶಿ, ತ್ಯಾ ಪುರೇ ಮ್ಹಣತ್ಯಾತ, ಸೋಡಾ."

ಮಾವಶಿ ಅಂದ್ರ ಚಿಗವ್ವ, ನಾನು. ಪುರೇ ಅಂದ್ರ ಅವರ ಮರಾಠಿಯಾಗ ಸಾಕು ಅಂತ. ಅವರು ಸಾಕು ಅನ್ನಾಕತ್ತಾರ, ಬಿಡ್ರಿ ಅಂತ ಆಕಿ ನನ್ನ ಬೈಯಾಕತ್ತಿದ್ಲು. ನಾ ಪೂರಾ ಅಂದಾಳ ಅಂದೆ. ಆಕಿ ಇಲ್ಲ, ಪುರೇ ಅಂದಾರ ಅಂದ್ಲು. ಒಂದೊಂದು ದಿನ ಸೊಸಿನೂ ತಿಕ್ಕತಿದ್ಲು, ಆಗ ಅಕ್ಕ ಆ ಮಾತು ಅಂದ ಕೂಡಲೆ ಬಿಟ್ಟಬಿಡತಿದ್ಲು. ನಾ ತಿಕ್ಕೋ ದಿನ ಅದ ಮಾತು ಕೇಳಿ ಜೋರು ಮಾಡತಿದ್ದೆ. ಒಬ್ಬರಿಗೊಬ್ಬರು ಹಿಂದ ಆಡಿಕೊಂಡ್ವಿ. ಮಾವಶಿ ಅತ್ತಿಯನ್ನ ಕೊಲ್ಲತಾಳ ಅಂತ ಆಕಿ ತನ್ನ ಗಂಡಗ ಹೇಳಿದ್ದು ನನಗ ಕೇಳಿಸ್ತು. ಆಕಿಗೆ ತಿಕ್ಕಾಕ ಬ್ಯಾಸರ, ಅದಕ್ಕ ತನಗ ಬೇಕಾದ್ದು ಕೇಳಿಸಿಕೋತಾಳ ಅಂತ ನಾನೂ ಅಂದೆ.

ಒಂದ ದಿನ ಇಬ್ಬರೂ ಅಕ್ಕನ ಮುಂದನ ಕುಂತು ಕೇಳಿದ್ವಿ. ಏನವ್ವಾ ನಿನ್ನ ಮಾತು, ಪುರೇನೋ ಪೂರಾನೋ?

ಅಕ್ಕ ಬಲಗೈಲೆ ಹಣಿ ಬಡಕೊಂಡ್ಲು. ಅರ್ಧ ಬಾಯಿಲೆ ನಕ್ಕಳು.

"ಆಕಿಗೆ ಮರಾಠಿ. ನಿನಗ ಕನ್ನಡ," ಅಂದ್ಲು. ಉಸರು ತಗೊಂಡು ಮತ್ತ ಅಂದ್ಲು, "ಆಕಿಗೆ ಒಲಿ ಮ್ಯಾಲ ಕೆಲಸ ಐತಿ. ನಿನಗೇನೈತಿ ಬೇ ಕೆಲಸ? ಪೂರಾ ಮಾಡು."

ಸೊಸಿ ಸೆರಗು ಬಾಯಿಗೆ ಇಟಗೊಂಡು ನಕ್ಕಳು. ನಾನೂ ನಕ್ಕೆ. ಅವತ್ತಿಂದ ಒಂದು ಕರಾರು ಮಾಡಿಕೊಂಡ್ವಿ. ಮಾತು ಏನರೆ ಇರಲಿ, ಸಾಕು ಅನ್ನಬೇಕಂದ್ರ ಅಕ್ಕ ಬಲಗೈಲೆ ನಮ್ಮ ತೊಡಿ ಬಡೀಬೇಕು. ನಾ ತಿಕ್ಕೋ ಮುಂದ ಆಕಿ ಒಮ್ಮಿನೂ ಬಡೀಲಿಲ್ಲ. ನೋವಾಗಿ ಕಣ್ಣಾಗ ನೀರು ಬಂದ್ರೂ ಬಡೀಲಿಲ್ಲ. ಕಡೀಕ ನಾನ ಕೈ ತಗೀತಿದ್ದೆ. ತಗದ ಕೂಡಲೆ ಅದ ಮಾತು, ಪೂರಾ.

ಮಳಿಗಾಲ ಸುರು ಆಗೂ ಮುಂಚೆ ಒಂದ ದಿನ ಕೈ ಬಂತು. ಬಿಸಿ ನೀರಾಗ ಕೈ ಇಟ್ಟು, ಎಣ್ಣಿ ಹಚ್ಚಿ, ಹೆಬ್ಬೆರಳ ಬುಡ ಭಾಳ ಹೊತ್ತು ಸುತ್ತಿ ಸುತ್ತಿ ಒತ್ತಿದ ಮ್ಯಾಲ ಬೆರಳು ಒಂದರ ಹಿಂದ ಒಂದು ಬಿಚ್ಚಿಕೊಂಡ್ವು. ಅಂಗೈ ಬೆಳ್ಳಗಿತ್ತು, ಒಳಗ ಉಗುರಿನ ಗುರುತು ಮೂಡಿದ್ವು. ಡಾಕ್ಟರಬಾಯಿ ಹೇಳಿದ್ದು ನೆನಪಾಗಿ ನಾ ತಡಾ ಮಾಡಲಿಲ್ಲ. ಸೊಸಿಯನ್ನ ಕೂಗಿದೆ. ಆಕಿ ಈಬತ್ತಿ, ಪತ್ರಿ ತಂದ್ಲು. ಅಕ್ಕನ ಅಂಗೈ ಕೆಳಗ ನನ್ನ ಅಂಗೈ ಆಸರ ಕೊಟ್ಟೆ. ಅಕ್ಕ ತನ್ನ ಬಲಗೈಲೆ ಕರಡಿಗಿಯಿಂದ ಲಿಂಗ ತಗದು ಅಲ್ಲಿ ಇಟ್ಲು. ಈಬತ್ತಿ ಅರ್ಧ ಲಿಂಗಕ್ಕ ಹತ್ತಿತು, ಅರ್ಧ ನನ್ನ ಬೆರಳಿಗೆ. ಪತ್ರಿ ಏರಿಸಿ ಆಕಿ ಸುಮ್ನ ನೋಡಿಕೋತ ಕುಂತ್ಲು. ಎಣ್ಣಿಗೆ ಲಿಂಗ ಜಾರತೈತಿ ಅಂತ ನಾ ಕೆಳಗಿನ ಕೈ ಬಟ್ಟಲ ಮಾಡಿ ಹಿಡದಿದ್ದೆ. ಆ ದಿನ ಅಕ್ಕ ಎರಡು ರೊಟ್ಟಿ ಉಂಡು ಮತ್ತೊಂದು ಕೇಳಿದ್ಲು.

ಮಳಿಗಾಲ ಪೂರ್ತಿ ಹಂಗ ನಡೀತು. ಕಣಕುಂಬಿ ಘಟ್ಟದ ಕಡೆಯಿಂದ ಥಂಡಿ ಗಾಳಿ ಬೀಸಿದ ದಿನ ಕೈ ಬರತಿರಲಿಲ್ಲ, ಒಲಿ ಮುಂದ ಕುಂದ್ರಿಸಿ ಕಾಸತಿದ್ವಿ. ಬಂದ ದಿನ ಪೂಜಿ, ಬರದ ದಿನ ಇಲ್ಲ. ನನಗ ಅದು ಸಾಕಾಗಿತ್ತು. ಅಕ್ಕಗ ಸಾಕಾಗಿರಲಿಲ್ಲ. ಕೆಳಗ ನನ್ನ ಕೈ ಇರೋದು ಆಕಿ ಮನಸಿಗೆ ಬರತಿರಲಿಲ್ಲ. ಆಕಿ ಲಿಂಗ ಆಕಿ ಕೈಯಾಗ ಇರಬೇಕು.

ದಸರಾ ಹಬ್ಬದ ಮುಂಜಾನೆ ಬೆರಳು ಚಂದ ಬಿಚ್ಚಿಕೊಂಡ್ವು. ಅಕ್ಕ ಲಿಂಗ ಇಟಗೊಂಡು ನನ್ನ ಮಾರಿ ನೋಡಿದ್ಲು.

"ಕೈ ತಗಿ."

ಬ್ಯಾಡಕ್ಕಾ ಅಂದೆ. ತಗಿ ಅಂದ್ಲು. ದೊಡ್ಡಾಕಿ ಹೇಳಿದ ಮ್ಯಾಲ ನಾ ತಗದೆ. ಸ್ವಲ್ಪ ಹೊತ್ತು ನಿಂತತು. ಆಕಿ ಮುಖಾ ಸಣ್ಣ ಹುಡಿಗೀದು ಆಗಿತ್ತು. ಈಬತ್ತಿ ಹಚ್ಚಾಕ ಬಲಗೈ ಎತ್ತಿದ್ಲು, ಅಷ್ಟರಾಗ ಎಡಗೈ ಬೆರಳು ಟಕ್ಕನ ಮಡಚಿದ್ವು. ಲಿಂಗ ಸಿಡದು ಫರಸಿ ಮ್ಯಾಲ ಬಿದ್ದು ಹಿತ್ತಲ ಬಾಗಲದ ಮಟ ಉರುಳಿತು.

ಲಿಂಗ ಕೆಳಗ ಬೀಳಬಾರದು. ನಮ್ಮಲ್ಲಿ ಹಿಂದಿನವರು ಲಿಂಗ ಬಿತ್ತಂದ್ರ ಜೀವಾ ಬಿಡತಿದ್ರಂತ. ಸೊಸಿ ಅದನ್ನ ಎತ್ತಿ, ತೊಳದು, ಕಣ್ಣಿಗೆ ಒತ್ತಿಕೊಂಡು ಕರಡಿಗಿಗೆ ಹಾಕಿದ್ಲು. ಅಕ್ಕ ಆ ದಿನ ಹಬ್ಬದ ಅಡಗಿ ಮುಟ್ಟಲಿಲ್ಲ.

ಅಕ್ಕನ ಮಗಾ ಹೋಗಿ ಮನಿ ಪೂಜಿಗೆ ಬರೋ ಅಯ್ನಾರನ್ನ ಕರಕೊಂಡ ಬಂದ. ಅವರು ಚಲೋ ಮನುಷ್ಯಾ. ರೋಗಕ್ಕ ದೋಷ ಇಲ್ಲವ್ವಾ ಅಂದ್ರು. ಬಲ ಅಂಗೈಯಾಗ ಇಟಗೊಂಡ್ರೂ ನಡೀತೈತಿ, ಕೊರಳಾಗ ಕಟಗೊಂಡು ಮನಸಿನ್ಯಾಗ ಪೂಜಿ ಮಾಡಿದ್ರೂ ಮುಟ್ಟತೈತಿ, ಮೊದಲ ಊಟ ಮಾಡ್ರಿ ಅಂತ ತಿಳಿಸಿ ಹೇಳಿದ್ರು. ಅಕ್ಕ ಎಲ್ಲಾದಕ್ಕೂ ಗೋಣು ಹಾಕಿದ್ಲು. ಅವರು ಹೋದ ಮ್ಯಾಲ ಗಂಜಿ ಕುಡದ್ಲು. ಆದ್ರ ಬಲಗೈಯಾಗ ಲಿಂಗ ಇಟಗೊಳ್ಳಲಿಲ್ಲ. ಎಡಗೈಯಾಗೂ ಮತ್ತ ಇಡಗೊಡಲಿಲ್ಲ. ಅದು ತಾನ ತೆರೆದು ತೆರೆದಂಗ ಉಳೀಬೇಕು, ಅಲ್ಲಿ ಮಟ ಬ್ಯಾಡ ಅಂದ್ಲು. ತಿಕ್ಕೋದು ಮಾತ್ರ ಬಿಡಗೊಡಲಿಲ್ಲ. ದಿನಾ ಮುಂಜಾನೆ ನನ್ನ ಮುಂದ ಮುಷ್ಟಿ ತಂದು ಇಡತಿದ್ಲು. ಪೂರಾ.

ಡಾಕ್ಟರಬಾಯಿಗೆ ಕೇಳಿದೆ, ತೆರೆದು ಉಳೀತೈತೇನವ್ವಾ ಅಂತ. ಆಕಿ ಸುಳ್ಳು ಹೇಳಲಿಲ್ಲ. ಈ ವಯಸ್ಸಿಗೆ, ಇಷ್ಟ ದಿನಾ ಆದ ಮ್ಯಾಲ, ಕೆಳಗ ಆಸರ ಇಲ್ಲದ ನಿಲ್ಲೋದು ಕಷ್ಟ ಅಂದ್ಲು. ನೀವು ತಿಕ್ಕೋದರಿಂದ ಕೈ ಕೊಳಿಯಾಂಗಿಲ್ಲ, ಉಗುರು ಒಳಗ ಇಳಿಯಾಂಗಿಲ್ಲ, ನೋವು ಕಡಿಮಿ ಇರತೈತಿ, ಅದ ದೊಡ್ಡದು ಅಂದ್ಲು. ಅದನ್ನ ನಾ ಅಕ್ಕಗ ಹೇಳಲಿಲ್ಲ. ಆಕಿಗೆ ಗೊತ್ತಿತ್ತು ಅಂತ ಈಗ ಅನಸತೈತಿ.

ದೀಪಾವಳಿ ಆದ ಮ್ಯಾಲ ಅಕ್ಕ ಸಣ್ಣಾಗಾಕ ಹತ್ತಿದ್ಲು. ಕೆಮ್ಮು ಹಿಡೀತು, ಎದ್ದು ಕುಂದ್ರಾಕ ಆಗಲಾರದಂಗ ಆತು. ಎಣ್ಣಿ ಹಚ್ಚೋ ಮುಂದ ಮೊದಲ ಹೆಗಲಿನ ಎಲುಬು ಸಿಗತಿತ್ತು. ನಾ ಒತ್ತೋದು ಬಿಟ್ಟು ಸವರಾಕ ಹತ್ತಿದೆ, ಕೂಸಿಗೆ ಸವರಿದಂಗ. ಆಕಿಗೆ ತಿಳೀತು. ಒಂದ ದಿನ ಹಂಗ ಸವರಾಕತ್ತಿದ್ದಾಗ ಬಲಗೈ ತಂದು ನನ್ನ ಕೈ ಮ್ಯಾಲ ಇಟ್ಲು. ಬಡೀಲಿಲ್ಲ, ಇಟ್ಲು ಅಷ್ಟ. ಬಾಯಿ ಭಾಳ ತೊದಲತಿತ್ತು.

"ಪುರ... ಆತು," ಅಂದ್ಲು.

ಸೊಸಿ ಬಾಗಲದಾಗ ನಿಂತಿದ್ಲು. ಪುರೇ ಅಂದ್ಲೋ ಪೂರಾ ಅಂದ್ಲೋ ಅಂತ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ವಿ, ಯಾರೂ ಕೇಳಲಿಲ್ಲ. ಸಾಕಾತು ಅಂದ್ರೂ ಅದ, ಮುಗೀತು ಅಂದ್ರೂ ಅದ. ನಾ ಎಣ್ಣಿ ಕೈ ಸೀರಿಗೆ ಒರಸಿಕೊಂಡೆ. ಬಟ್ಟಲಾಗ ಎಣ್ಣಿ ಉಳದಿತ್ತು, ಸೊಸಿ ಒಳಗ ಒಯ್ದು ಇಟ್ಲು.

ಅದಾದ ಮ್ಯಾಲ ನಾ ಬಾಜೂಕ ಕುಂದರತಿದ್ದೆ, ಮುಷ್ಟಿ ಮ್ಯಾಲ ನನ್ನ ಕೈ ಇರತಿತ್ತು. ತಿಕ್ಕತಿರಲಿಲ್ಲ. ಸ್ವಲ್ಪ ದಿನಕ್ಕ ಒಂದ ಮುಂಜಾನೆ ಅಕ್ಕ ಹ್ವಾದ್ಲು.

ಎರಿಯೋ ಕೆಲಸ ನನ್ನದ ಆತು. ನಾನೂ ಸೊಸಿನೂ ಕೂಡಿ ಬಿಸಿನೀರು ಹಾಕಿ ಎರದ್ವಿ. ಎಡಗೈ ತೊಳಿಯೋಣ ಅಂತ ಹಿಡದೆ. ಮುಷ್ಟಿ ಸಡ್ಲ ಆಗಿತ್ತು. ನಾ ಒತ್ತಲಿಲ್ಲ, ಎಣ್ಣಿ ಮುಟ್ಟಲಿಲ್ಲ, ಬೆರಳು ತಾವ ಬಿಚ್ಚಿಕೊಂಡು ಅಂಗೈ ಬಟಾ ಬಯಲಾತು. ಒಳಗ ಉಗುರಿನ ಗುರುತು ಇರಲಿಲ್ಲ. ಸೊಸಿ ಅದನ್ನ ನೋಡಿ ಗ್ವಾಡಿಗೆ ತಲಿ ಹಚ್ಚಿ ಅಳಾಕ ಹತ್ತಿದ್ಲು.

ನಮ್ಮಲ್ಲಿ ಸತ್ತವರನ್ನ ಮಲಗಸಾಂಗಿಲ್ಲ, ಕುಂದ್ರಸತೀವಿ. ಎಡ ಅಂಗೈಯಾಗ ಲಿಂಗ ಇಟ್ಟು ಮಣ್ಣಿಗೆ ಕಳಸತೀವಿ. ಅಯ್ನಾರು ಬಂದು ಕರಡಿಗಿ ಬಿಚ್ಚಿ ಲಿಂಗ ತಗದು ಆಕಿ ಕೈಯಾಗ ಇಟ್ರು. ಕೆಳಗ ಯಾರ ಕೈನೂ ಇರಲಿಲ್ಲ. ಲಿಂಗ ಅಲ್ಲಾಡದ ನಿಂತತು. ಹಚ್ಚಿದ ಈಬತ್ತಿ ಪೂರಾ ಲಿಂಗಕ್ಕ ಹತ್ತಿತು.

ಮಂದಿ ಚಂದ ಕಾಣತಾಳ, ಪುಣ್ಯಾತ್ಮಳು ಅಂದ್ರು. ನಾ ಆಕಿ ಮುಖಾ ನೋಡಲಿಲ್ಲ, ಆ ಕೈ ನೋಡಿಕೋತ ನಿಂತಿದ್ದೆ. ನನಗ ಅಳು ಬರಲಿಲ್ಲ, ಆ ಕೈ ಮ್ಯಾಲ ಸಿಟ್ಟು ಬಂತು. ವರ್ಷ ಆತು, ಇನ್ನೂ ಐತಿ.